ಚಪ್ಪರ ಮಡಚಬೇಡ, ಹಿನೇಸ್

"ಚಪ್ಪರ ಮಡಚಿ!"

ಪಕ್ಕಕ್ಕೆ ಬಟ್ಟೆಯ ಚಪ್ಪರ ಬಿಚ್ಚಿದ್ದ ಕ್ಯಾರವಾನಿನ, ಆ ಮನೆಗಾಡಿಯ, ಮುಂದೆ ನಿಂತ ಗಂಡಸಿನ ಮೊದಲ ಮಾತೇ ಅದು. ಒಂದು ನಮಸ್ಕಾರವಿಲ್ಲ, ಹೆಸರು ಕೇಳುವ ಸೌಜನ್ಯವೂ ಇಲ್ಲ!

ಅಲ್ಮುದೇನಾ ಕಾಫಿ ಲೋಟ ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಖಾಕಿ ಅಂಗಿ, ಬಿಸಿಲಿಗೆ ಕಂದಿದ ಮುಖ, ಎದೆಯ ಮೇಲೆ ಕಡಲತೀರದ ಕಾವಲುಗಾರನ ಬಿಲ್ಲೆ. ಹೆಸರು ಹಿನೇಸ್.

"ಯಾಕೆ ಮಡಚ್ಬೇಕು? ನನ್ನ ಗಾಡಿ, ನನ್ನ ಚಪ್ಪರ."

"ತೀರ ನಿಮ್ಮದಲ್ವಲ್ಲ ಮೇಡಂ. ಗಾಡಿ ಬರೀ ಚಕ್ರದ ಮೇಲೆ ನಿಂತಿದ್ರೆ ಅದು ಪಾರ್ಕಿಂಗ್. ಚಪ್ಪರ ಬಿಚ್ಚಿ ಕುರ್ಚಿ ಹಾಕಿದ್ರೆ ಕ್ಯಾಂಪಿಂಗ್. ಪಾರ್ಕಿಂಗ್ ಮಾಡ್ಬಹುದು, ಕ್ಯಾಂಪಿಂಗ್ ಮಾಡೋ ಹಾಗಿಲ್ಲ."

"ಓಹೋ! ಕಿಟಕಿಯಿಂದ ಕೈ ಹೊರಗೆ ಹಾಕಿದ್ರೆ?"

"ಒಂದು ಕೈ ಆದ್ರೆ ಪರವಾಗಿಲ್ಲ."

ನಗುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. 'ಎಂಥಾ ಒಣ ಮನುಷ್ಯ!' ಎಂದುಕೊಂಡಳು.

ಅಷ್ಟರಲ್ಲಿ ಚಪ್ಪರದ ನೆರಳಿನಿಂದ ಮಿಗಾ ಎದ್ದು ಬಂತು. ಉದ್ದ ಕಾಲಿನ, ಪಕ್ಕೆಲುಬು ಕಾಣುವ ಬೂದು ಬೇಟೆನಾಯಿ. ಮೊಲ ಹಿಡಿಯುವ ಚುರುಕು ಹೋಯಿತೆಂದು ಯಾವನೋ ಪುಣ್ಯಾತ್ಮ ಬೀದಿಗೆ ಬಿಟ್ಟಿದ್ದ. ಅಂದಿನಿಂದ ಗಂಡಸರ ಬೂಟಿನ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಓಡುತ್ತಿತ್ತು. ಅಂಥ ಮಿಗಾ ನೇರವಾಗಿ ಹೋಗಿ ಹಿನೇಸನ ಅಂಗೈಯಲ್ಲಿ ಮೂತಿ ಇಟ್ಟಿತು!

ಅವನು ಅಲುಗಾಡದೆ ನಿಂತ. ಅವನ ದನಿ ಒಮ್ಮೆಲೇ ಮೆತ್ತಗಾಯಿತು.

"ಇವಳಿಗೆ... ನೆರಳು ಬೇಕಲ್ವಾ?"

"ಬೇಕು. ಈ ಬಟ್ಟೆ ಕೆಳಗೆ ಬಿಟ್ಟು ಬೇರೆಲ್ಲೂ ನಿದ್ದೆ ಮಾಡಲ್ಲ."

ಹಿನೇಸ್ ಸಮುದ್ರ ನೋಡಿದ, ಗುಡ್ಡ ನೋಡಿದ, ಗಂಟಲು ಸರಿ ಮಾಡಿಕೊಂಡ.

"ಮಧ್ಯಾಹ್ನ ಊಟ ಆದ್ಮೇಲೆ ನಾನು ಮಲಗ್ತೀನಿ. ಇಡೀ ಸ್ಪೇನೇ ಮಲಗುತ್ತೆ. ಆ ಹೊತ್ತಲ್ಲಿ ಇಲ್ಲಿ ಏನು ಬಿಚ್ಚಿದೆ, ಏನು ಮಡಚಿದೆ, ನಂಗೆ ಗೊತ್ತಾಗಲ್ಲ."

ಚಪ್ಪರ ಎಂದ ಕೂಡಲೇ ನಿಮಗೆ ಮದುವೆ ನೆನಪಾಗಿರಬೇಕು. ತಾಳಿ ಸ್ವಲ್ಪ! ಅದಕ್ಕಿಂತ ಮುಂಚೆ ಅಳುವುದು ಬಹಳವಿದೆ.

ಆ ಚಪ್ಪರದ ಬಟ್ಟೆ ಅಂಗಡಿಯಲ್ಲಿ ಕೊಂಡದ್ದಲ್ಲ. ಬಿಳಿ ಮತ್ತು ಕಿತ್ತಳೆ ಪಟ್ಟೆಯ ಆ ಬಟ್ಟೆಯ ಕೆಳಗೆ ಅಲ್ಮುದೇನಾಳ ಅಮ್ಮ ಫುಯೆನ್ಸಾಂತಾ ಜೀವಮಾನವಿಡೀ ಹಣ್ಣು ಮಾರಿದ್ದಳು. ಮುರ್ಸಿಯಾ ಸೀಮೆಯಲ್ಲಿ ಸೋಮವಾರ ಒಂದು ಸಂತೆ, ಮಂಗಳವಾರ ಇನ್ನೊಂದು. ಅವಳ ಕೂಗು ಮೂರು ಬೀದಿಯಾಚೆಗೆ ಕೇಳುತ್ತಿತ್ತು.

"ಕಿತ್ತಳೆ ಬಂತು ಕಿತ್ತಳೇ! ಜೇನು ಸುರಿಯೋ ಕಿತ್ತಳೇ!"

ಜೊತೆಯ ಹುಡುಗಿಯರು ಕೇಳಿಯಾರು ಎಂದು ಚಿಕ್ಕ ಅಲ್ಮುದೇನಾ ಹಣ್ಣಿನ ಪೆಟ್ಟಿಗೆಗಳ ಹಿಂದೆ ಅಡಗಿಕೊಳ್ಳುತ್ತಿದ್ದಳು. ಅಮ್ಮನ ಪ್ರಾಣ ಹೋಗುವವರೆಗೂ ಆ ಕೂಗಿನ ಬಗ್ಗೆ ಅವಳಿಗೆ ನಾಚಿಕೆಯೇ.

ಬೀದಿಯಲ್ಲಿ ಬ್ರೆಡ್ಡಿನ ಚೂರು ಆರಿಸಿ ತಿನ್ನುತ್ತಿದ್ದ ನಾಯಿಯನ್ನು ಆ ಅಂಗಡಿಯ ಕೆಳಗೆ ಸೇರಿಸಿಕೊಂಡವಳೂ ಅಮ್ಮನೇ. ಸ್ಪ್ಯಾನಿಷ್‌ನಲ್ಲಿ ಮಿಗಾ ಎಂದರೆ ಬ್ರೆಡ್ಡಿನ ಚೂರು.

"ಸಂತೆ ಇಲ್ಲದ ಸ್ಪೇನ್ ನೋಡ್ಬೇಕು ಕಣೇ ನಾನು," ಎಂದು ಆಸ್ಪತ್ರೆಯಲ್ಲಿ ಹೇಳಿದ ಅಮ್ಮ ಆ ಚಳಿಗಾಲ ದಾಟಲಿಲ್ಲ. ಅಲ್ಮುದೇನಾ ಹಳೆಯ ಕ್ಯಾರವಾನ್ ಕೊಂಡಳು, ಅಂಗಡಿಯ ಬಟ್ಟೆಯನ್ನೇ ಅದಕ್ಕೆ ಚಪ್ಪರ ಮಾಡಿದಳು, ಮಿಗಾಳನ್ನು ಕೂರಿಸಿಕೊಂಡು ಹೊರಟಳು. ಗಲೀಸಿಯಾದ ಜಿಟಿಜಿಟಿ ಮಳೆ, ಕಾಸ್ತೀಯಾದ ಗೋಧಿ ಬಯಲು, ತೆರುಯೆಲ್‌ನ ಹಲ್ಲು ಕಡಿಸುವ ಚಳಿ... ಊರು ಯಾವುದಾದರೂ ಆಗಲಿ, ಆ ಬಟ್ಟೆ ಬಿಚ್ಚಿದರೆ ಮಿಗಾಳಿಗೆ ಅದೇ ಮನೆ. ಕೊನೆಗೆ ಬಂದದ್ದು ದಕ್ಷಿಣದ ಅಲ್ಮೇರಿಯಾದ ಈ ಒಣ ಗುಡ್ಡಗಳ ಕಡಲಿಗೆ.

ಎರಡು ದಿನ ಇದ್ದು ಹೋಗೋಣ ಎಂದು ಬಂದವಳು ಹೋಗಲೇ ಇಲ್ಲ.

ಯಾಕೆಂದು ಬೇರೆ ಹೇಳಬೇಕೇ? ಮಲಗುತ್ತೇನೆ ಎಂದಿದ್ದ ಮಹಾಶಯ ಊಟವಾದ ಕೂಡಲೇ ಕಲ್ಲಂಗಡಿ ಹಿಡಿದು ಬರುತ್ತಿದ್ದ!

"ನಿದ್ದೆ ಬರ್ಲಿಲ್ವಾ ಕಾವಲುಗಾರರಿಗೆ?"

"ನಿದ್ದೇಲೇ ನಡ್ಕೊಂಡು ಬಂದಿದೀನಿ. ಎಬ್ಬಿಸ್ಬೇಡ."

'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಚಪ್ಪರದ ಕೆಳಗೆ ಅವರಿಬ್ಬರು, ನಡುವೆ ಕಾಲು ಚಾಚಿ ಗೊರಕೆ ಹೊಡೆಯುವ ಮಿಗಾ. 'ದೇವರೇ, ಇವನಿಗೆ ಹೇಳಿಬಿಡಲಾ?' ಎಂದು ಎಷ್ಟೋ ಸಲ ಅಂದುಕೊಂಡಳು. ನಾಳೆ ಹೇಳೋಣ, ನಾಳೆ ಹೇಳೋಣ...

ಆ ನಾಳೆಯ ದಿನವೇ ಎಲ್ಲ ಹಾಳಾಯಿತು.

ಅಂದು ಮೀನುಗಾರರ ಕಾರ್ಮೆನ್ ಮಾತೆಯ ಹಬ್ಬ. ಊಟದ ಹೊತ್ತು ಕಳೆದಿತ್ತು, ಮಿಗಾ ನಿದ್ದೆಯಲ್ಲಿತ್ತು. ಹಿನೇಸ್ ಏದುಸಿರು ಬಿಡುತ್ತ ಓಡಿಬಂದ.

"ಅಲ್ಮು, ಬೇಗ! ನನ್ನ ಮೇಲಿನ ಅಧಿಕಾರಿಗಳು ದೋಣಿ ಮೆರವಣಿಗೆ ನೋಡೋಕೆ ಈ ಕಡೆನೇ ಬರ್ತಿದ್ದಾರೆ. ಮಡಚು!"

"ಮಿಗಾ ಮಲಗಿದಾಳೆ, ಸ್ವಲ್ಪ ಇರು..."

"ಇರೋಕೆ ಟೈಮಿಲ್ಲ!"

ಅವನೇ ಹಿಡಿಕೆ ಹಿಡಿದು ಗರಗರ ತಿರುಗಿಸಿದ. ಚಪ್ಪರ ಸುತ್ತಿಕೊಂಡಿತು. ಮಲಗಿದ್ದ ಮಿಗಾಳ ಮುಖಕ್ಕೆ ಬಿಸಿಲು ರಪ್ಪೆಂದು ಬಡಿಯಿತು. ಅದೇ ಕ್ಷಣಕ್ಕೆ ದೋಣಿಗಳಿಂದ ಪಟಾಕಿ ರಾಕೆಟ್‌ಗಳು ಢಂ ಢಂ ಎಂದು ಸಿಡಿದವು!

ಕಣ್ಣು ಬಿಟ್ಟರೆ ಮನೆಯಿಲ್ಲ, ಕಿವಿಯ ತುಂಬ ಗುಂಡಿನಂಥ ಸದ್ದು. ಮಿಗಾ ಒಮ್ಮೆ ಕಿರುಚಿ ಗುಡ್ಡದ ಕಡೆ ಓಡಿತು. ಇಬ್ಬರೂ ಹೆಸರು ಹಿಡಿದು ಕೂಗುತ್ತ ಬೆನ್ನಟ್ಟಿದರು. ಬೇಟೆನಾಯಿಯನ್ನು ಓಡಿ ಹಿಡಿದವರುಂಟೇ?

ಬರಿಗೈಯಲ್ಲಿ ವಾಪಸು ಬಂದ ಅಲ್ಮುದೇನಾ ಹಿನೇಸನ ಕಡೆ ತಿರುಗಿದಳು.

"ನಿನ್ನ ನಿಯಮ! ನಿನ್ನ ಪಾರ್ಕಿಂಗು, ನಿನ್ನ ಕ್ಯಾಂಪಿಂಗು! ಅಮ್ಮ ಬಿಟ್ಟುಹೋಗಿದ್ದು ಅವಳೊಬ್ಬಳನ್ನೇ ಕಣೋ... ಅವಳನ್ನೂ ಕಿತ್ಕೊಂಡೆ!"

"ಅಲ್ಮು, ನಾನು..."

"ಮಾತಾಡ್ಬೇಡ. ನಿನ್ನ ಮುಖ ತೋರಿಸ್ಬೇಡ ನಂಗೆ. ಹೋಗು!"

ಸಿಟ್ಟು ಅಲ್ಲಿಗೂ ಇಳಿಯಲಿಲ್ಲ. ಆ ಪಟ್ಟೆ ಬಟ್ಟೆಯನ್ನು ಪರಪರ ಕಿತ್ತು, ಮುದ್ದೆ ಮಾಡಿ, ಗುಡ್ಡದ ಮೇಲಿನ ಊರ ದಾರಿಯ ಕಸದ ತೊಟ್ಟಿಗೆ ಎಸೆದು ಬಂದಳು. ಈ ಚಪ್ಪರವೇ ಇಲ್ಲದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲವಲ್ಲ! ಹಿನೇಸ್ ತಲೆ ತಗ್ಗಿಸಿ ನಿಂತೇ ಇದ್ದ. ಅವಳು ಗಾಡಿ ಹತ್ತಿ ಊರೊಳಗೆ ಹೋದಳು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ! ಕಂಡ ಗೋಡೆಗಳಿಗೆಲ್ಲ ಮಿಗಾಳ ಫೋಟೋ ಅಂಟಿಸಿದಳು. ಕುರಿ ಕಾಯುವವರನ್ನು ಕೇಳಿದಳು, ತರಕಾರಿ ತೋಟದ ಕೂಲಿಗಳನ್ನು ಕೇಳಿದಳು. ಒಣಹಳ್ಳಗಳಲ್ಲಿ "ಮಿಗಾ... ಮಿಗಾ..." ಎಂದು ಕೂಗಿ ಕೂಗಿ ಗಂಟಲು ಹರಿದುಹೋಯಿತು. ಊರಿನವರೂ ಅದೇ ಹೆಸರು ಕೂಗುತ್ತ ಗುಡ್ಡ ಜಾಲಾಡಿದರು. ಒಂದೆರಡು ಸಲ ದೂರದಲ್ಲಿ ಬೂದು ಬಣ್ಣದ ಬಾಲ ಕಂಡಿತು. ಹೆಸರು ಕೇಳಿದ ತಕ್ಷಣ ಅದು ಇನ್ನೂ ದೂರ ಓಡಿತು.

'ನನ್ನ ದನಿಗೂ ಹೆದರ್ತಾಳಲ್ಲ...' ಅಲ್ಮುದೇನಾ ಕಲ್ಲಿನ ಮೇಲೆ ಕುಸಿದು ಕೂತಳು. ಈ ಬಿಸಿಲಲ್ಲಿ ನೀರಿಲ್ಲದೆ ಎಷ್ಟು ದಿನ ಬದುಕೀತು ಆ ಜೀವ?

ಆ ತೀರದ ಕಡೆಗೆ ಅವಳು ಮತ್ತೆ ಕಾಲಿಡಲಿಲ್ಲ; ಹಿನೇಸ್ ಕಾಣಿಸಲೇ ಇಲ್ಲ. ಹೋಗು ಎಂದವಳು ತಾನೇ, ನಿಜ. ಆದರೆ ಹೋಗು ಎಂದರೆ ಹೋಗಿಯೇ ಬಿಡುವುದೇ? ಅವನ ಮೇಲೆ ಸಿಟ್ಟು ಬಂತು. ಅವನು ಬೇಕು ಎನಿಸಿದ್ದಕ್ಕೆ ತನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು.

ಒಂದು ಮಧ್ಯಾಹ್ನ ಊರಿನ ಕಾಫಿ ಅಂಗಡಿಯಲ್ಲಿ ಕೂತಿದ್ದಾಗ ಹೊರಗಿನ ನೆರಳುಬಟ್ಟೆಯ ಕೆಳಗೆ ಬೀದಿನಾಯಿಯೊಂದು ಬಂದು ಮಲಗಿತು. ಅದನ್ನು ನೋಡಿ ಅವಳು ದಡಕ್ಕನೆ ಎದ್ದಳು.

ಮಿಗಾ ಹುಡುಕುತ್ತಿರುವುದು ಗಾಡಿಯನ್ನಲ್ಲ. ಆ ಬಟ್ಟೆಯನ್ನು! ಅದರ ಮನೆಯನ್ನು ತಾನೇ ಕೈಯಾರೆ ಕಸಕ್ಕೆ ಎಸೆದಿದ್ದಾಳೆ!

ಬಿದ್ದಂಬೀಳ ಓಡಿದಳು. ತೊಟ್ಟಿ ಖಾಲಿ.

"ಅಯ್ಯೋ ಅಮ್ಮಾ..." ಬಿಸಿ ತಗಡಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಇನ್ನು ಉಳಿದದ್ದೇನು? ಅಮ್ಮ ಹೋದಳು, ಮಿಗಾ ಹೋಯಿತು, ಪ್ರೀತಿಸಿದವನನ್ನು ತಾನೇ ಓಡಿಸಿದಳು.

ಹಿಂದೆಯೇ ಕಾಫಿ ಅಂಗಡಿಯ ರೆಮೆ ಅಜ್ಜಿ ಕೋಲೂರಿಕೊಂಡು ಬಂದಳು.

"ಬಟ್ಟೆ ಹುಡುಕ್ತಿದೀಯಾ ಮಗಳೇ? ಪಟ್ಟೆ ಪಟ್ಟೆದು?"

"ಹೌದಜ್ಜಿ! ನೋಡಿದ್ರಾ?"

"ನಾನೆಲ್ಲಿ ನೋಡ್ಲಿ. ನಮ್ಮ ಹಿನೇಸ್‌ಗೆ ತಲೆ ಕೆಟ್ಟಿದೆ ಅಂತ ದೋಣಿಯವ್ರೆಲ್ಲ ನಗ್ತಿದ್ದಾರೆ. ಊರಿಗೆಲ್ಲ ಚಪ್ಪರ ಮಡಚಿ ಅಂತಿದ್ದವನು, ಈಗ ಅದೇ ತೀರದಲ್ಲಿ ಪಟ್ಟೆ ಚಪ್ಪರ ಹಾಕ್ಕೊಂಡು, ಕುರ್ಚಿ ಹಾಕ್ಕೊಂಡು ರಾಜನ ಥರ ಕೂತಿದಾನಂತೆ! ಕೆಲಸ ಹೋಗುತ್ತೆ ಅಂದ್ರೆ, ಹೋಗ್ಲಿ ಬಿಡಿ ಅಂದ್ನಂತೆ."

ಅಲ್ಮುದೇನಾ ಅಜ್ಜಿಯ ಮುಖವನ್ನೇ ನೋಡಿದಳು.

"ನನ್ನ ಮುಖ ಏನ್ ನೋಡ್ತೀಯ? ಓಡೇ!"

ಓಡಿದಳು. ಗುಡ್ಡ ಇಳಿದಾಗ ಕಂಡಿತು. ಎರಡು ಹುಟ್ಟುಗೋಲು ನೆಟ್ಟು, ಇನ್ನೊಂದು ಕಡೆ ಹಿನೇಸನ ಕಾವಲು ಜೀಪಿಗೆ ಕಟ್ಟಿ ಎಳೆದ ಅಮ್ಮನ ಬಟ್ಟೆ. ಹರಿದ ಕಡೆಯೆಲ್ಲ ಮೀನುಬಲೆಯ ದಾರದಲ್ಲಿ ಒರಟೊರಟು ಹೊಲಿಗೆ. ಕೆಳಗೆ ಗಡ್ಡ ಬೆಳೆದ, ತುಟಿ ಒಡೆದ ಹಿನೇಸ್. ಅವಳನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟ.

"ಕೂಗ್ಬೇಡ," ಪಿಸುಗುಟ್ಟಿದ. "ಮೇಲೆ, ಆ ಕತ್ತಾಳೆ ಪೊದೆ ಹಿಂದೆ."

ಕತ್ತಾಳೆಯ ಸಂದಿಯಲ್ಲಿ ಎರಡು ಕಿವಿ!

"ದಿನಾ ನಿದ್ದೆ ಹೊತ್ತಿಗೆ ಬರ್ತಾಳೆ. ನಾವು ಚಪ್ಪರ ಬಿಚ್ತಿದ್ದ ಹೊತ್ತು ಅವಳಿಗೆ ನೆನಪಿದೆ. ಮೊದಲ ದಿನ ಹೆಸರು ಹಿಡಿದು ಕರೆದೆ, ಓಡ್ಬಿಟ್ಲು. ಆ ಹೆಸರು ಕೇಳಿದ್ರೇನೇ ಈಗ ಭಯ, ಎಲ್ರೂ ಅದನ್ನೇ ಕೂಗ್ತಾ ಅಟ್ಟಿಸ್ಕೊಂಡು ಹೋದ್ವಲ್ಲ. ಅಲ್ಲೀವರೆಗೆ ಬರ್ತಾಳೆ, ಇಟ್ಟ ನೀರು ನಾನು ಮಲಗಿದಾಗ ಕುಡೀತಾಳೆ. ಇಲ್ಲಿಗೆ ಮಾತ್ರ ಬರಲ್ಲ."

"ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ ನೀನು?"

ಅವನ ಕಣ್ಣು ತುಂಬಿತು. "ಸಿಕ್ತಾಳೆ ಅಂತ ಹೇಳಿ, ಸಿಗದೇ ಹೋಗಿದ್ರೆ? ಎರಡನೇ ಸಲ ಕಿತ್ಕೊಂಡ ಹಾಗೆ ಆಗ್ತಿತ್ತು. ಅದೂ ಅಲ್ದೆ... ಮುಖ ತೋರಿಸ್ಬೇಡ ಅಂತ ನೀನೇ ಅಂದಿದ್ದೆ."

ಅಲ್ಮುದೇನಾ ಬಟ್ಟೆಯ ಅಂಚು ಹಿಡಿದು ಮುಖಕ್ಕೆ ಒತ್ತಿಕೊಂಡಳು. ಇಷ್ಟು ಬಿಸಿಲು ಕುಡಿದರೂ ಅದರಲ್ಲಿ ಇನ್ನೂ ಕಿತ್ತಳೆ ಸಿಪ್ಪೆಯ ವಾಸನೆ ಇತ್ತು. ಹೆಸರು ಕರೆಯುವಂತಿಲ್ಲ. ಹತ್ತಿರ ಹೋಗುವಂತಿಲ್ಲ. ಹಾಗಾದರೆ ಏನು ಮಾಡಲಿ ಅಮ್ಮಾ, ಏನು ಮಾಡಲಿ?

ಆಮೇಲೆ ಅವಳಿಗೆ ಹೊಳೆಯಿತು. ಈ ಬಟ್ಟೆಯ ಕೆಳಗೆ ಮಿಗಾ ಬರೀ ನೆರಳಿನಲ್ಲಿ ಮಲಗಿದ್ದಲ್ಲ. ವರ್ಷಗಟ್ಟಲೆ ಒಂದು ದನಿ ಕೇಳುತ್ತ ಮಲಗಿತ್ತು.

ನಾಚಿಕೆಯಿಂದ ಅವಳ ಕೆನ್ನೆ ಕೆಂಪಾಯಿತು. ಆದರೂ ಬಾಯಿ ತೆರೆದಳು.

"ಕಿತ್ತಳೆ... ಕಿತ್ತಳೆ ಬಂತು..."

ಒಡೆದ ಗಂಟಲಿನಿಂದ ದನಿ ಏಳಲಿಲ್ಲ. ಹಿನೇಸ್ ಬೆರಗಾಗಿ ನೋಡಿದ. ಅವಳು ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟಳು. ಹಾಗೆ ನಿಲ್ಲುತ್ತಿದ್ದವಳು ಅಮ್ಮ.

"ಕಿತ್ತಳೆ ಬಂತು ಕಿತ್ತಳೇ! ಜೇನು ಸುರಿಯೋ ಕಿತ್ತಳೇ! ಬಾಮ್ಮಾ, ಬಾರಪ್ಪಾ, ತಿಂದು ನೋಡಿ ತಗೊಳ್ಳೀ!"

ಹಣ್ಣಿಲ್ಲ, ಗಿರಾಕಿಯಿಲ್ಲ. ಖಾಲಿ ತೀರದಲ್ಲಿ ಅವಳು ಅಳುತ್ತ ಕಿತ್ತಳೆ ಮಾರಿದಳು. ಕತ್ತಾಳೆ ಅಲುಗಿತು. ಮಿಗಾ ಹೊರಗೆ ಬಂತು. ಒಂದು ಕಾಲು ಎತ್ತಿಕೊಂಡು, ಮೈಯೆಲ್ಲ ಮುಳ್ಳು, ಬಾಲ ಹೊಟ್ಟೆಯ ಕೆಳಗೆ. ನಿಂತಿತು, ಕಿವಿ ನಿಮಿರಿಸಿತು, ಮತ್ತೆರಡು ಹೆಜ್ಜೆ ಇಟ್ಟಿತು.

"ನಿಲ್ಲಿಸ್ಬೇಡ ಅಲ್ಮು," ಹಿನೇಸ್ ಪಿಸುಗುಟ್ಟಿದ. "ದಮ್ಮಯ್ಯ, ನಿಲ್ಲಿಸ್ಬೇಡ..."

"ಜೇನು ಸುರಿಯೋ... ಕಿತ್ತಳೇ..."

ಮಿಗಾ ಚಪ್ಪರದ ನೆರಳಿನೊಳಗೆ ಬಂತು. ಯಾರ ಮುಖವನ್ನೂ ನೋಡಲಿಲ್ಲ. ಮೂರು ಸುತ್ತು ಸುತ್ತಿ, ಅಲ್ಮುದೇನಾಳ ಪಾದದ ಮೇಲೆ ತಲೆಯಿಟ್ಟು, ದೊಡ್ಡದೊಂದು ಉಸಿರು ಬಿಟ್ಟು ಕಣ್ಣು ಮುಚ್ಚಿತು.

ಅಲ್ಮುದೇನಾ ಅದರ ಪಕ್ಕದಲ್ಲೇ ಕುಸಿದು ಬೆನ್ನು ಸವರಿದಳು.

"ನಾ ಅವತ್ತು ಅಂದಿದ್ದೆಲ್ಲ..." ಅವಳು ಶುರುಮಾಡಿದಳು.

"ಬಿಡು. ತಪ್ಪು ನಂದೇ."

"ಇಬ್ಬರದೂ. ಸುಮ್ನೆ ಕೇಳು, ಮಧ್ಯೆ ಬಾಯಿ ಹಾಕ್ಬೇಡ. ಹಬ್ಬದ ದಿನ ಒಂದು ಮಾತು ಹೇಳ್ಬೇಕು ಅಂತಿದ್ದೆ. ನೀನಂದ್ರೆ ನಂಗೆ ಪ್ರಾಣ ಕಣೋ, ಹಿನೇಸ್."

ಅವನು ಮುಖ ಮುಚ್ಚಿಕೊಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ಈ ಸಲವೂ ತಿಳಿಯಲಿಲ್ಲ. ಅವಳೇ ಕೈ ಸರಿಸಿ ನೋಡಿದಳು. ಅಳುತ್ತಿದ್ದ.

"ನಾನು ಮೊದಲ ದಿನವೇ ಹೇಳಿದ್ನಲ್ಲ."

"ಏನಂತ?"

"ಮಧ್ಯಾಹ್ನ ಏನೂ ಕಾಣಲ್ಲ ಅಂತ. ನಿನ್ನ ಬಿಟ್ಟು ಏನೂ ಕಾಣ್ತಿರ್ಲಿಲ್ಲ ಅಲ್ಮು, ಆಣೆಗೂ."

ದೂರದಲ್ಲಿ ಇನ್ನೊಂದು ಜೀಪಿನ ಸದ್ದು ಕೇಳಿತು. ಮೇಲಿನವರೇ ಇರಬೇಕು. ಹಿನೇಸ್ ಅಭ್ಯಾಸದಂತೆ ಹುಟ್ಟುಗೋಲಿಗೆ ಕೈ ಹಾಕಿದ. ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಚಪ್ಪರ ಮಡಚ್ಬೇಡ, ಹಿನೇಸ್. ಅವಳು ಮಲಗಿದಾಳೆ."

"ಕೇಳಿದ್ರೆ ಏನಂತ ಹೇಳ್ಲಿ? ಇದು ಪಾರ್ಕಿಂಗಾ, ಕ್ಯಾಂಪಿಂಗಾ?"

"ಮನೆ ಅಂತ ಹೇಳು."