ಬಣ್ಣ ಬಳಿಯದ ಮೂಲೆ

"ಪೊರಕೆ ಕೆಳಗಿಡಿ! ಅದನ್ನ ಮುಟ್ಟಿದ್ರೆ ನಾನು ಸುಮ್ನಿರಲ್ಲ!"

ಏಣಿಯ ಮೇಲಿದ್ದ ಪೇಂಟರ್ ಬೆಚ್ಚಿ ತಿರುಗಿದ. ಕ್ಯಾಮೆರಾವನ್ನು ಎದೆಗವಚಿಕೊಂಡು ಅವಳು ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಊದಿದ ಕಣ್ಣುಗಳು.

"ಮೇಡಂ, ಜೇಡರಬಲೆ ತೆಗೀದೆ ಬಣ್ಣ ಹೊಡೆಯೋದು ಹೇಗೆ?"

"ಆ ಮೂಲೆ ಬಿಟ್ಟು ಹೊಡೀರಿ. ಅದು... ಅಮ್ಮನ ಜೇಡ."

ನಗು ಬರುವ ಮಾತೇ. ಆದರೆ ಅವನು ನಗಲಿಲ್ಲ. ಅಲ್ಲೇ ಅವನು ಅವಳ ಮನಸ್ಸು ಗೆದ್ದುಬಿಟ್ಟಿದ್ದ, ಅವಳಿಗೆ ಗೊತ್ತಾಗಲಿಲ್ಲ ಅಷ್ಟೇ.

ಹಾಸಿಗೆ ಹಿಡಿದ ಅಮ್ಮ ಕೊನೆಯ ತಿಂಗಳುಗಳಲ್ಲಿ ನೋಡುತ್ತಿದ್ದುದು ಆ ಮೂಲೆಯ ಜೇಡವನ್ನೇ. "ಈ ಮನೆ ಯಜಮಾನಿ ಅವಳೇ ಕಣೇ, ನಾವು ನೆಂಟರು" ಎನ್ನುತ್ತಿದ್ದಳು. ಒಂದೇ ಜೇಡ ನೋಡಿ ಅಮ್ಮನಿಗೆ ಬೇಜಾರಾಗದಿರಲೆಂದು ಮಗಳು ಹಿತ್ತಲು, ಬಚ್ಚಲು, ಹೂಕುಂಡಗಳ ಸಂದಿಯೆಲ್ಲ ಹುಡುಕಿ ಜೇಡಗಳ ಫೋಟೋ ತೆಗೆದು ಮಂಚದ ಬಳಿ ತರುತ್ತಿದ್ದಳು.

ಈಗ ಮಂಚ ಖಾಲಿ. ತೋರಿಸಲು ಯಾರೂ ಇಲ್ಲ.

ಮರುದಿನದಿಂದ ಪೇಂಟರೇ ಕರೆಯತೊಡಗಿದ. "ಮೇಡಂ, ನಲ್ಲಿ ಹತ್ರ ಒಬ್ಬ ಸಿಕ್ಕಿದಾನೆ, ಬೇಗ ಬನ್ನಿ!" ಅವಳು ಫೋಟೋ ತೆಗೆದರೆ ಬಗ್ಗಿ ನೋಡಿ, "ಅಬ್ಬಾ, ಎಂಟು ಕಣ್ಣು! ಇವನ ಮುಂದೆ ಸುಳ್ಳು ಹೇಳೋ ಹಾಗಿಲ್ಲ" ಎಂದ. ಅಮ್ಮ ಹೋದ ಮೇಲೆ ಅವಳು ಮೊದಲ ಸಲ ನಕ್ಕಳು. ನಕ್ಕಿದ್ದಕ್ಕೇ ಆಮೇಲೆ ಬಚ್ಚಲಲ್ಲಿ ಕೂತು ಅತ್ತಳು.

ಕೆಲಸದ ಕೊನೆಯ ದಿನ... ಅಮ್ಮನ ಜೇಡ ಕಾಲು ಮುದುಡಿಕೊಂಡು ಬಲೆಯಲ್ಲಿ ಜೋತಾಡುತ್ತಿತ್ತು.

"ಬಣ್ಣದ ವಾಸನೆಗೇ ಸತ್ತಿದೆ! ಅಮ್ಮಂದು ಅಂತ ಉಳಿದಿದ್ದು ಇದೊಂದೇ... ಅದನ್ನೂ ಕೊಂದ್ರಲ್ಲಾ!"

ಅವನ ಮುಖ ಬಿಳಿಚಿಕೊಂಡಿತು. "ನನ್ನದೇ ತಪ್ಪು" ಎಂದಷ್ಟೇ ಹೇಳಿ, ಡಬ್ಬ ಏಣಿ ಎತ್ತಿಕೊಂಡು ಹೊರಟುಹೋದ.

ಕೊನೆಯದೊಂದು ಫೋಟೋ ಇರಲೆಂದು ಅವಳು ಕ್ಯಾಮೆರಾ ಎತ್ತಿದಳು. ದೊಡ್ಡದು ಮಾಡಿ ನೋಡಿದಳು. ಜೇಡದ ತಲೆ ಮುಚ್ಚಳದಂತೆ ತೆರೆದುಕೊಂಡಿತ್ತು. ಒಳಗೆ... ಬರೀ ಟೊಳ್ಳು!

ಪೊರೆ! ಜೇಡ ಬೆಳೆದು ಹಳೇ ಪೊರೆ ಕಳಚಿಟ್ಟು ಹೋಗಿತ್ತು. ಇಷ್ಟೆಲ್ಲ ಜೇಡಗಳ ಹಿಂದೆ ಬಿದ್ದವಳಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಸಾವಿನ ಮನೆಯಲ್ಲಿ ಒಬ್ಬಳೇ ಕೂತವಳಿಗೆ ಎಲ್ಲೆಲ್ಲೂ ಸಾವೇ ಕಂಡಿತ್ತು.

ತಲೆಯೆತ್ತಿದಳು. ಕಿಟಕಿಯ ಸಂದಿಯಲ್ಲಿ, ಮೊದಲಿಗಿಂತ ದಪ್ಪಗೆ... ಯಜಮಾನಿ!

ಅದರದ್ದೂ ಒಂದು ಫೋಟೋ ತೆಗೆದು ಪೇಂಟರ್‌ನನ್ನು ಹುಡುಕಿಕೊಂಡು ಓಡಿದಳು. ಪಕ್ಕದ ಬೀದಿಯಲ್ಲಿ ಅವನು ಯಾರದ್ದೋ ಗೇಟಿಗೆ ಬಣ್ಣ ಹೊಡೆಯುತ್ತಿದ್ದ. ಏದುಸಿರು ಬಿಡುತ್ತಾ ಕ್ಯಾಮೆರಾ ಮುಂದೆ ಹಿಡಿದಳು. "ಬದುಕಿದೆ ಕಣ್ರೀ! ನೀವೇನೂ ಮಾಡಿಲ್ಲ... ಮತ್ಯಾಕೆ ನನ್ನದೇ ತಪ್ಪು ಅಂದ್ರಿ?"

ಅವನು ಫೋಟೋವನ್ನೇ ನೋಡುತ್ತಾ ನಿಂತ. ಕಣ್ಣು ತುಂಬಿಬಂತು.

"ನಾನೇ ಕೊಂದೆ ಅಂತ ನನಗೂ ಅನಿಸ್ತು. ಮತ್ತೆ... ಅಮ್ಮ ಹೋದಾಗ ನಿಮಗೆ ಯಾರನ್ನಾದ್ರೂ ಬೈಯೋಣ ಅಂದ್ರೂ ಯಾರೂ ಇರಲಿಲ್ಲವಲ್ಲ. ಬೈದು ಹಗುರ ಆಗಲಿ ಅಂತ ಸುಮ್ಮನಾದೆ."

ಅವಳು ಕ್ಯಾಮೆರಾ ಕೆಳಗಿಳಿಸಿದಳು.

"ಫೋಟೋ ತೋರಿಸೋಕೂ ನನಗೆ ಯಾರೂ ಇಲ್ಲ... ದಿನಾ ನೋಡ್ತೀರಾ? ಕೊನೇವರೆಗೂ?"

"ನೋಡ್ತೀನಿ." ಅವನು ಮೆಲ್ಲಗೆ ಕೇಳಿದ, "ಆ ಮೂಲೆಗೆ ಬಣ್ಣ ಯಾವಾಗ ಹೊಡೀಲಿ?"

"ಹೊಡೀಬೇಡಿ," ಎಂದಳು ಅವಳು, ಬಣ್ಣ ಮೆತ್ತಿದ ಅವನ ಕೈ ಹಿಡಿದುಕೊಂಡು. "ಸುಮ್ನೆ ಮನೆಗೆ ಬನ್ನಿ."