ಹುಬ್ಬಿ ಮಳೆಯ ಬಿತ್ತನೆ

ಮಳೆನಕ್ಷತ್ರ ಬದಲಾಗುವ ಹೊತ್ತಿಗೆಲ್ಲ, ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ, ಮುದಕಪ್ಪ ಸಾವಂತ್ರವ್ವನ ಮನೆಗೆ ಬರುತ್ತಿದ್ದ. ಮಿರಗ, ಆರಿದ್ರಿ, ಮಗಿ, ಯಾವ ಮಳೆ ಎಂದು ಹುಟ್ಟುತ್ತದೆಂಬುದು ಅವಳಿಗೆ ಬಾಯಿಪಾಠ. ಕಣ್ಣು ಕಳೆದುಕೊಂಡ ತಂದೆ ರಾಚಪ್ಪ ಕಲಿಸಿದ ಎಣಿಕೆ. ಚೊಳಚಗುಡ್ಡದ ಜನ ಅವಳನ್ನು ಕೇಳಿಯೇ ಕೂರಿಗೆ ಹೂಡುತ್ತಿದ್ದರು.

ಮುದಕಪ್ಪ ಕೇಳುವುದು ಒಂದೇ ಮಾತು, ಮುಂದಿನ ಮಳೆ ಎಂದು ಎಂದು. ಅಷ್ಟಕ್ಕೇ ಬಹಳ ಹೊತ್ತು ಕಟ್ಟೆಯ ಮೇಲೆ ಕೂರುತ್ತಿದ್ದ. ಎದುರಿನ ಕುರಿಹಟ್ಟಿಯಿಂದ ಹುಲ್ಲಪ್ಪ ನೋಡುತ್ತಿದ್ದ. ಅವಳು ಬೆರಳು ಮಡಿಚಿ ದಿನ ಎಣಿಸುತ್ತ ನಕ್ಕರೆ ಅವನ ಎದೆ ಉರಿಯುತ್ತಿತ್ತು. ಎರಡು ವರ್ಷದಿಂದ ಅವಳ ಮೇಲೆ ಮನಸ್ಸಿತ್ತು, ಬಾಯಿ ಬಿಟ್ಟಿರಲಿಲ್ಲ.

ಹುಬ್ಬಿ ಮಳೆ ಇನ್ನೂ ನಾಲ್ಕೈದು ದಿನ ಉಳಿದಿತ್ತು. ಜೋಳ ಬಿತ್ತುವುದು ಅದರ ಮುಂದಿನ ಉತ್ತರಿ ಮಳೆಗೆ. ಅದು ಎಂದು ಹುಟ್ಟುತ್ತದೆಂದು ಕೇಳಲು ಮುದಕಪ್ಪ ಅವಳ ಮನೆಗೆ ಹೊರಟಿದ್ದ. ಬಾವಿಯ ಹತ್ತಿರ ಹುಲ್ಲಪ್ಪ ಸಿಕ್ಕ. ಮುದಕಪ್ಪನ ತಲೆಯ ಮೇಲೆ ಹೊಸ ರುಮಾಲು.

ಅದನ್ನು ಕಂಡದ್ದೇ ಹುಲ್ಲಪ್ಪನ ಬಾಯಲ್ಲಿ ಸುಳ್ಳು ಬಂತು. "ಉತ್ತರಿ ನಾಳೀನ ಹುಟ್ಟತೈತಂತ. ಬಿತ್ತು ಅಂತ ನಿನಗ ಹೇಳಂದಾಳ ಸಾವಂತ್ರವ್ವ."

ಮುದಕಪ್ಪ ನಂಬಿ ಅಲ್ಲಿಂದಲೇ ಹಿಂತಿರುಗಿ, ಮರುದಿನ ಬಿತ್ತಿದ. ಹುಬ್ಬಿ ಮಳೆ ಮೂರು ದಿನ ಬಿಡದೆ ಹೊಡೆಯಿತು. ಎರೆಹೊಲದಲ್ಲಿ ನೀರು ನಿಂತು ಬೀಜ ಕೊಳೆಯಿತು. ರಾಚಪ್ಪನ ಮಗಳಿಗೆ ಎಣಿಕೆ ತಪ್ಪಿತೆಂದು ಊರು ಆಡಿಕೊಂಡಿತು. ಅವಳು ಹೊರಗೆ ಬರುವುದನ್ನೇ ಬಿಟ್ಟಳು.

ಹುಲ್ಲಪ್ಪನಿಗೆ ಅನ್ನ ಸೇರಲಿಲ್ಲ. ಊರ ಹಿರಿಯರ ಮುಂದೆ ತಪ್ಪೊಪ್ಪಿಕೊಂಡ. ಆಮೇಲೆ ಮುದಕಪ್ಪನನ್ನು ಕರೆದುಕೊಂಡು ಅವಳ ಬಾಗಿಲಿಗೆ ಬಂದು ಅದನ್ನೇ ಮತ್ತೆ ಹೇಳಿದ. ಮುದಕಪ್ಪ ಹೊರಟುಹೋದ.

"ಯಾಕ ಹಂಗ ಮಾಡಿದಿ?" ಎಂದಳು ಸಾವಂತ್ರವ್ವ.

"ಅಂವ ನಿನ್ನ ನೋಡೂದು ನನಗ ತಡೀಲಿಲ್ಲ."

ಅವಳ ಕಣ್ಣು ತುಂಬಿತು. "ಅಂವ ನೋಡೂದು ಕಾಣಿಸ್ತು ನಿನಗ. ನಾ ಯಾರನ್ನ ನೋಡ್ತೇನಿ ಅನ್ನೂದು ಒಂದಿನಾನೂ ಕಾಣಲಿಲ್ಲೇನು?"

ಉತ್ತರಿ ಮಳೆ ಹುಟ್ಟಿ, ಹೊಲ ಆರಿ ಹದಕ್ಕೆ ಬಂತು. ಹುಲ್ಲಪ್ಪ ತನ್ನ ಎತ್ತು, ತನ್ನ ಬೀಜ ಒಯ್ದು ಮುದಕಪ್ಪನ ಹೊಲ ಬಿತ್ತತೊಡಗಿದ. ಸಾವಂತ್ರವ್ವ ಯಾರೂ ಕರೆಯದೆಯೇ ಬಂದು, ಉಡಿಯಲ್ಲಿ ಜೋಳ ಕಟ್ಟಿಕೊಂಡು, ಕೂರಿಗೆಯ ಹಿಂದೆ ಬೀಜ ಬಿಡುತ್ತ ನಡೆದಳು. ಎರಡು ಸಾಲು ಮುಗಿದವು.

"ಸ್ವಾತಿ ಮಳಿ ಹ್ವಾದಮ್ಯಾಲ ಹೆಣ್ಣು ಕೇಳಾಕ ನಿಮ್ಮವ್ವನ್ನ ನಮ್ಮಪ್ಪನ ಕಡೆ ಕಳಸು," ಎಂದಳು. ಅವನು ತಿರುಗುವಷ್ಟರಲ್ಲಿ ಮತ್ತೆ ಹೇಳಿದಳು, "ಮುದಕಪ್ಪ ಮಳಿ ಕೇಳಾಕ ಬಂದ್ರ ಮೊದಲಿನಂಗ ಹೇಳಾಕಿನ ನಾ."

ಬದುವಿನ ಮೇಲೆ ಕುಳಿತ ಮುದಕಪ್ಪ ಅವಳನ್ನೇ ನೋಡುತ್ತಿದ್ದ. ಹುಲ್ಲಪ್ಪನ ಎದೆ ಮೊದಲಿನಷ್ಟೇ ಉರಿಯಿತು.

"ಹೇಳು," ಎಂದು ಅವನು ಎತ್ತು ಮುಂದಕ್ಕೆ ಹೊಡೆದ.