ಒಂಬತ್ತನೇ ಹಂತದ ಮೌನ

"ಅದನ್ನ ಮುಟ್ಟಬೇಡಿ!"

ಅವಳ ದನಿಗೆ ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೀಬೋರ್ಡಿನಿಂದ ತಟ್ಟನೆ ಕೈ ತೆಗೆದವನು ಬೆಳಗ್ಗೆಯಷ್ಟೇ ಬಂದಿದ್ದ ಹೊಸಬ. ಸಾಫ್ಟ್‌ವೇರ್‌ಗಳ ವೇಗ ಅಳೆಯುವುದೇ ಅವನ ಕೆಲಸ. ಆಗಲೇ ಎಲ್ಲರ ಬಾಯಲ್ಲೂ ‘ಗಡಿಯಾರ’ ಆಗಿಬಿಟ್ಟಿದ್ದ.

"ಅಳೀತಿದೀನಿ ಅಷ್ಟೇ... ಒಂಬತ್ತನೇ ಹಂತದಲ್ಲಿ ನಾಲ್ಕು ನಿಮಿಷ ಏನೂ ನಡೀತಿಲ್ಲ. ಯಾಕೆ?"

ಅವಳು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು.

ಕಾಯಿಲೆ ಬಿದ್ದ ಮಕ್ಕಳ ರಕ್ತದ ಮಾಹಿತಿಯನ್ನು ಹದಿನೇಳು ಹಂತಗಳಲ್ಲಿ ಸೋಸಿ, ರೋಗದ ಮೂಲ ಹುಡುಕುವ ಆ ಸಾಫ್ಟ್‌ವೇರನ್ನು ಬರೆದವಳು ಅವಳ ಅಕ್ಕ. ಅಕ್ಕ ತೀರಿಕೊಂಡು ಎರಡು ವರ್ಷ. ಆಮೇಲಿಂದಲೇ ಒಂಬತ್ತನೇ ಹಂತ ಹೀಗೆ ಸ್ತಬ್ಧವಾಗುತ್ತಿತ್ತು. ಆಗೆಲ್ಲ ಬೆನ್ನ ಹಿಂದೆ ಯಾರೋ ಬಂದು ನಿಂತಂತೆ ಅವಳ ಮೈ ಜುಮ್ಮೆನ್ನುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಅಕ್ಕ ಹೊರಟುಹೋದಾಳು ಎಂಬ ಭಯ!

ಮೂರು ವಾರ ಅವನು ಅಳೆದ. ಒಂದೇ ಮಾಹಿತಿಯನ್ನು ನೂರು ಸಲ ಓಡಿಸಿದ. ಲ್ಯಾಬಿನ ಮುಖ್ಯಸ್ಥೆ ಇದರ ಬದಲಿಗೆ ತರಿಸಬೇಕೆಂದಿದ್ದ ಹೊಸ ಸಾಫ್ಟ್‌ವೇರಿನ ಜೊತೆ ಹೋಲಿಸಿದ. ಅವಳು ಊಟ ಮರೆತರೆ ನೆನಪಿಸಿದ. ಅವನು ಬರುವುದು ತಡವಾದರೆ ಅವಳ ಕಣ್ಣು ಬಾಗಿಲತ್ತಲೇ...

ಒಂದು ಮಧ್ಯಾಹ್ನ ಮುಖ್ಯಸ್ಥೆಯ ಕೋಣೆಯಿಂದ ಅವನ ಮಾತು ಅವಳ ಕಿವಿಗೆ ಬಿತ್ತು. "ತುಂಬಾ ನಿಧಾನ ಮೇಡಂ. ಈಗಿರೋ ಹಾಗೆ ಇಟ್ಕೊಳ್ಳೋಕೆ ಆಗಲ್ಲ."

ಅವನು ಹೊರಬರುತ್ತಲೇ ಅವಳು ಸಿಡಿದಳು.

"ನನ್ನ ಪಕ್ಕದಲ್ಲೇ ಕೂತು ನನ್ನಕ್ಕನ್ನ ಅಳಿಸಿ ಹಾಕಿದ್ರಲ್ಲ!"

"ನೀವು ಅರ್ಧ ಮಾತ್ರ ಕೇಳಿಸ್ಕೊಂಡಿದೀರಿ." ಅವನು ವರದಿಯನ್ನು ಅವಳ ಮುಂದಿಟ್ಟ. "ಆ ಕಾಯೋದನ್ನ ಬಿಟ್ರೆ ಹೊಸದಕ್ಕಿಂತ ನಿಮ್ಮಕ್ಕ ಬರೆದಿದ್ದೇ ವೇಗ. ನೂರಕ್ಕೆ ನೂರು ಸಲ."

"ಕಾಯೋದಾ? ಯಾರಿಗೆ?"

"ನಿಮ್ಮಕ್ಕನ ಹಳೇ ಕಂಪ್ಯೂಟರಿಗೆ. ಒಂಬತ್ತನೇ ಹಂತಕ್ಕೆ ಬಂದಾಗೆಲ್ಲ ಈ ಸಾಫ್ಟ್‌ವೇರು, ಮುಂದೆ ಹೋಗ್ಲಾ ಅಂತ ಅದನ್ನ ಕೇಳುತ್ತೆ. ಅದನ್ನ ಇಲ್ಲಿಂದ ಸಾಗಿಸಿ ಎರಡು ವರ್ಷ ಆಯ್ತಲ್ಲ... ಉತ್ತರ ಬರಲ್ಲ. ನಾಲ್ಕು ನಿಮಿಷ ಕಾದು, ತಾನೇ ಮುಂದಕ್ಕೆ ಹೋಗುತ್ತೆ."

ಅವಳು ತನ್ನ ಕಂಪ್ಯೂಟರಿನ ಮುಂದೆ ಹೋಗಿ ಕುಳಿತಳು. ಅಯ್ಯೋ... ಇಷ್ಟು ದಿನ ಅಕ್ಕನನ್ನು ಕರೆಯುತ್ತಿದ್ದದ್ದು ತಾನೊಬ್ಬಳೇ ಅಲ್ಲ!

"ದಿನಕ್ಕೆ ನೂರು ಮಕ್ಕಳ ಸರದಿ," ಅವನ ದನಿ ಮೆತ್ತಗಾಯಿತು. "ಕೊನೆಯ ಮಗುವಿಗೆ ಆರು ಗಂಟೆಗೂ ಮೀರಿ ತಡ ಆಗ್ತಿದೆ."

"ಗೊತ್ತಿದ್ದೂ ನೀವ್ಯಾಕೆ ತೆಗೀಲಿಲ್ಲ?"

"ಕೋಡಿನಲ್ಲಿ ಒಂದೇ ಸಾಲು. ಆದ್ರೆ ನೀವಿರುವಾಗ ನಾನು ಹೇಗೆ ಅಳಿಸ್ಲಿ?"

ಅವಳೇ ಆ ಸಾಲು ಅಳಿಸಿದಳು. ಓಡಿಸಿದಳು. ಒಂಬತ್ತನೇ ಹಂತ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಯಿತು. ಮೊದಲ ಬಾರಿಗೆ ಹಿಂದೆ ತಿರುಗಿ ನೋಡಿದಳು. ಖಾಲಿ ಕುರ್ಚಿ, ಕಿಟಕಿಯ ಬಿಸಿಲು... ಇನ್ನೇನೂ ಇರಲಿಲ್ಲ. ಎರಡು ವರ್ಷ ತಡೆದಿಟ್ಟಿದ್ದ ಅಳು ಒಮ್ಮೆಲೇ ಉಕ್ಕಿತು.

ಅವನು ಅಲುಗದೆ ಪಕ್ಕದಲ್ಲೇ ಕುಳಿತಿದ್ದ. ಅವಳು ಸುಮ್ಮನಾದ ಮೇಲೆ ಮೆಲ್ಲಗೆ ಹೇಳಿದ.

"ಅಳೆಯೋದು ಮುಗೀತು, ನಾಳೆಯಿಂದ ನನಗಿಲ್ಲಿ ಕೆಲಸ ಇಲ್ಲ. ಆದ್ರೆ ಹೋಗೋಕೆ ಮನಸ್ಸೇ ಇಲ್ಲ... ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ಹೇಳೋಕೆ ಇವತ್ತು ಸರಿಯಾದ ದಿನ ಅಲ್ವೇನೋ."

ಅವಳು ಕಣ್ಣೊರೆಸಿಕೊಂಡಳು.

"ಅಕ್ಕ ಇದ್ದಿದ್ರೆ ಓಡಿಹೋಗಿ ಮೊದಲು ಅವಳ ಹತ್ರಾನೇ ಹೇಳ್ತಿದ್ದೆ."

"ಏನಂತ?"

"ನನಗೂ ಒಬ್ರು ಇಷ್ಟ ಆಗಿದಾರೆ ಅಂತ."